ಈ ಕೈಗೆ ಗೊತ್ತು

ಸಪ್ತಾಪುರದ ಮನೆಯಿಂದ ಹೊರಟು ಜುಬಿಲಿ ಸರ್ಕಲ್ಲಿನ ನಿಲ್ದಾಣಕ್ಕೆ ಬರುವಷ್ಟರಲ್ಲಿ ಗೌತಮನಿಗೆ, ತಾನು ಬೆಳಗ್ಗೆಯಿಂದ ಅವ್ವನ ಮುಖವನ್ನಷ್ಟೇ ನೋಡಿ ಮಾತಾಡಿದ್ದು ಹೊಳೆಯಿತು. ಚಹಾ ಕೊಟ್ಟಾಗ, ಡಬ್ಬಿ ಕಟ್ಟಿ ಮುಂದಿಟ್ಟಾಗ, ಬಾಗಿಲ ತನಕ ಬಂದು ಚಿಲಕ ಹಿಡಿದು ನಿಂತಾಗ ಆತ ಆಕೆಯ ಮುಖವನ್ನೇ ನೋಡಿದ್ದ. ಎಷ್ಟು ನೆಟ್ಟಗೆ ನೋಡಿದ್ದನೆಂದರೆ ದುರಗವ್ವ ತನ್ನ ಮೋರೆಗೆ ಏನೋ ಹತ್ತಿದೆ ಅಂದುಕೊಂಡು ಸೆರಗಿನಿಂದ ಒರೆಸಿಕೊಂಡಿದ್ದಳು. ಅದರ ಕೆಳಗೆ, ಆಕೆಯ ಕೈಗಳ ಕಡೆ, ಆತನ ಕಣ್ಣು ಇಳಿದಿರಲೇ ಇಲ್ಲ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಬಂತು. ಅದರ ಮೈತುಂಬ ಹಚ್ಚಿದ ಜಾಹೀರಾತಿನಲ್ಲಿ ಅವೇ ಕೈಗಳಿದ್ದವು. ಜೋಳದ ಹಿಟ್ಟು ಮೆತ್ತಿದ ಎರಡು ಕೈ, ನಡುವೆ ರೊಟ್ಟಿ, ಬಲ ಮುಂಗೈಯ ಮೇಲೆ ಹಸಿರು ಹಚ್ಚೆಯ ಒಂದು ಗೆರೆ, ಗೆರೆಯ ಮೇಲೆ ಐದು ಚುಕ್ಕೆ. ಪಕ್ಕದಲ್ಲಿ ಆತನೇ ಬರೆದ ಸಾಲು: ಈ ಕೈಗೆ ಗೊತ್ತು. ಬಾಗಿಲು ಎರಡೂ ಬದಿಗೆ ಸರಿದಾಗ ರೊಟ್ಟಿ ನಡುವೆ ಸೀಳಿತು. ಜನ ಅದರೊಳಗಿಂದ ಇಳಿದರು. ಗೌತಮ ತಲೆ ತಗ್ಗಿಸಿ ಹತ್ತಿದ.

ಇವತ್ತು ಶಿರಗುಪ್ಪಿಯಲ್ಲಿ ಶೂಟಿಂಗ್. ಕಂಪನಿ ಉಳಿಯುವುದು ಬಿಡುವುದು ಇದರ ಮೇಲೆಯೇ ಎಂದು ಅದರ ಪಾಲುದಾರ ರಾಜಶೇಖರ ಒಂದು ವಾರದಿಂದ ಹೇಳುತ್ತಲೇ ಇದ್ದ. ಹನ್ನೊಂದು ವರ್ಷದ ಹಿಂದೆ ಕೊಪ್ಪೀಕರ ರಸ್ತೆಯ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರಿಬ್ಬರೂ ಜಾಹೀರಾತಿನ ಈ ಕಂಪನಿಯನ್ನು ಶುರುಮಾಡಿದಾಗ ಅದಕ್ಕೆ ‘ಒಂದು ಸಾಲು’ ಎಂದು ಹೆಸರಿಟ್ಟವನು ಗೌತಮನೇ. ಬರೆಯುವುದು, ಚಿತ್ರ ಕೂಡಿಸುವುದು ಆತನ ಕೆಲಸ. ಮಾತಾಡುವುದು, ಗಿರಾಕಿಗಳನ್ನು ಒಲಿಸುವುದು ರಾಜಶೇಖರನದು. ಅರಳೆ ವ್ಯಾಪಾರಸ್ಥರ ಮನೆತನದ ರಾಜಶೇಖರನಿಗೆ ಪೇಟೆಯ ಪ್ರತಿ ಮೂರನೆಯ ಅಂಗಡಿಯಲ್ಲೂ ಒಬ್ಬ ಕಾಕಾ ಇದ್ದ, ಒಬ್ಬ ಮಾವ ಇದ್ದ. ಹೆಡ್‌ಮಾಸ್ತರ ನೀಲಪ್ಪನವರ ಮಗ ಗೌತಮನಿಗೆ ಆ ಪೇಟೆಯಲ್ಲಿ ಯಾರೂ ಇರಲಿಲ್ಲ. ಅದು ಕೊರತೆ ಎಂದು ಆತನಿಗೆ ಆಗ ಅನಿಸಿರಲೂ ಇಲ್ಲ. ಒಳ್ಳೆಯ ಒಂದು ಸಾಲು ಬರೆದವನನ್ನು ನೀ ಯಾರ ಪೈಕಿ ಎಂದು ಯಾರು ಕೇಳುತ್ತಾರೆ ಎಂದೇ ಆತ ನಂಬಿದ್ದ. ಕೇಳಿದವರು ಕುಬೇರಪ್ಪ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ಮಾರುವ ದೊಡ್ಡ ಸಾಹುಕಾರರು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಮೃದುವಾದ ಮಾತು. ಗೌತಮ ಬರೆದು ತಂದ ಸಾಲನ್ನು ಎರಡು ಸಲ ಓದಿಸಿಕೊಂಡು ಕೇಳಿ, ಕಣ್ಣು ಮುಚ್ಚಿ ತಲೆದೂಗಿ, ಆಮೇಲೆ ಬಹಳ ಪ್ರೀತಿಯಿಂದ ಕೇಳಿದ್ದರು: “ಗೌತಮ ಅಂದ್ರಿ. ಬ್ರಾಂಬ್ರ ಪೈಕಿ ಏನ್ರಿ ತಾವು?” ಗೌತಮ ಬಾಯಿ ತೆರೆಯುವ ಮೊದಲೇ ರಾಜಶೇಖರ ನಕ್ಕು, “ಅಲ್ರೀ ಕಾಕಾ, ನಮ್ಮವನ ಆತ” ಅಂದಿದ್ದ. ಕುಬೇರಪ್ಪನವರ ಮೋರೆ ಅರಳಿ ಇನ್ನೊಂದು ಬಟ್ಟಲು ಚಹಾ ಬಂತು. ಹೊರಗೆ ಮೆಟ್ಟಿಲಿಳಿಯುವಾಗ ರಾಜಶೇಖರ ಹೆಗಲ ಮೇಲೆ ಕೈ ಹಾಕಿದ್ದ. “ದೋಸ್ತ ಅಂದ್ರ ನಮ್ಮವನ ಅಲ್ಲೇನಲೇ? ನಾ ಸುಳ್ಳ ಎಲ್ಲಿ ಹೇಳೇನಿ?” ಗೌತಮನಿಗೆ ಇಂದಿಗೂ ಮರೆಯಲಾಗದ್ದು ಆ ಅವಮಾನವಲ್ಲ. ಆ ಕ್ಷಣದಲ್ಲಿ ತಾನು, ಪದಗಳ ಕಸುಬಿನವನು, ಒಂದೇ ಪದಕ್ಕೆ ಎರಡು ಅರ್ಥ ತೊಡಿಸಿದ ಆ ಚಾತುರ್ಯಕ್ಕೆ ಒಳಗೊಳಗೇ ಮೆಚ್ಚಿ ತಲೆದೂಗಿದ್ದು.

ಬಸ್ಸು ಸತ್ತೂರು ದಾಟಿತು. ಎದುರಿನ ಸೀಟಿನಲ್ಲಿ ಆಸ್ಪತ್ರೆಗೆ ಊಟ ಒಯ್ಯಬೇಕಾದವಳು ನಿಲ್ದಾಣ ತಪ್ಪಿಸಿಕೊಂಡು ಚಡಪಡಿಸುತ್ತಿದ್ದಳು. ಆಕೆಯ ಬೆರಳುಗಳು ಡಬ್ಬಿಯ ಕಿವಿಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವುದನ್ನು ನೋಡಲಾರದೆ ಗೌತಮ ಕಿಟಕಿಯ ಕಡೆ ತಿರುಗಿದ. ಅಂದು ಕುಬೇರಪ್ಪನವರ ರೊಟ್ಟಿ ಜಾಹೀರಾತಿನ ಫೋಟೋಕ್ಕೆ ಬೆಳಗಾವಿಯಿಂದ ಬಂದಿದ್ದ ಮಾಡೆಲ್ ಹುಡುಗಿಗೆ ರೊಟ್ಟಿ ಬಡಿಯಲು ಬಂದಿರಲಿಲ್ಲ. ಹಿಟ್ಟು ಆಕೆಯ ಉಗುರುಗಳಲ್ಲಿ ಸಿಕ್ಕಿಕೊಂಡಿತ್ತು. ಸಿಟ್ಟಿನಲ್ಲಿ ಮನೆಗೆ ಬಂದ ಗೌತಮನಿಗೆ ಅಡಿಗೆಮನೆಯಲ್ಲಿ ಅವ್ವ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೊಣಮಿಗೆಯ ಮುಂದೆ ಕುಳಿತದ್ದು ಕಂಡಿತ್ತು. ಕಿಟಕಿಯಿಂದ ಸಂಜೆಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಹನ್ನೆರಡು ಫೋಟೋ ತೆಗೆದಿದ್ದ. ದುರಗವ್ವ ನಕ್ಕು, ಮೋರೆ ಬರೂದಿಲ್ಲೇನು ಎಂದು ಕೇಳಿದ್ದಳು. ಬರುವುದಿಲ್ಲ ಅಂದಿದ್ದ. ಆರು ತಿಂಗಳಲ್ಲಿ ಆ ಕೈಗಳು ಪೊಟ್ಟಣದ ಮೇಲೆ, ಗೋಡೆಯ ಮೇಲೆ, ಬಸ್ಸಿನ ಮೇಲೆ. ಬೆಂಗಳೂರಿನಲ್ಲಿ ಪ್ರಶಸ್ತಿ ಬಂತು. ಮೂವರಿದ್ದ ಕಂಪನಿ ಹದಿನಾಲ್ಕು ಜನರದಾಯಿತು. ಪ್ರಶಸ್ತಿ ಬಂದ ಖುಷಿಗೆ ಕುಬೇರಪ್ಪನವರು, ನಿಮ್ಮ ಮನಿಗೆ ಚಹಾಕ್ಕ ಬರ್ತೇವಿ, ತಾಯಾರನ್ನ ನೋಡಿದಂಗ ಆಗತೈತಿ ಎಂದು ಫೋನು ಮಾಡಿದಾಗ ಗೌತಮ ಅವ್ವನಿಗೆ ಮೈಯಲ್ಲಿ ಆರಾಮಿಲ್ಲ ಅಂದಿದ್ದ. ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕುಳಿತು ಕೊತ್ತಂಬರಿ ಸೋಸುತ್ತಿದ್ದ ಅವ್ವ ಅದನ್ನು ಕೇಳಿಸಿಕೊಂಡಳು. ಆ ರಾತ್ರಿಯೇ ಆತ ಆಕೆಗೆ, ಆ ಕೈ ನಿನ್ನವು ಎಂದು ಯಾರಿಗೂ ಹೇಳಬೇಡ, ಕಂಪನಿಯ ರೂಲ್ಸು ಹಾಗೆ ಇದೆ ಎಂದು ಹೇಳಿದ್ದು. ದುರಗವ್ವ ಹೂಂ ಅಂದಳು. ನಲವತ್ತು ವರ್ಷ ಮಾಸ್ತರನ ಹೆಂಡತಿಯಾಗಿ ಏಳು ಊರುಗಳಲ್ಲಿ ಬಾಡಿಗೆ ಮನೆ ಹುಡುಕಿದವಳಿಗೆ ಆ ರೂಲ್ಸು ಯಾವುದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಅಂಗಡಿಗೆ ಹೋಗುವಾಗ ಆಕೆ ಸೆರಗನ್ನು ಮುಂಗೈ ಮೇಲೆ ಎಳೆದುಕೊಳ್ಳುತ್ತಿದ್ದಳು. ಇದನ್ನು ಆತನಿಗೆ ತೋರಿಸಿಕೊಟ್ಟವಳು ಹೆಂಡತಿ ಭಾಗ್ಯಾ. ಸರಕಾರಿ ಕಾಲೇಜಿನಲ್ಲಿ ಪಾಠ ಹೇಳುವ ಆಕೆ ಒಂದೇ ಮಾತು ಅಂದಿದ್ದಳು: ಅತ್ತೀ ಕೈ ಊರೆಲ್ಲ ನೋಡಿತು, ಆಕೀನ ಮುಚ್ಚಿಕೊಳ್ಳಾಕತ್ತಾಳ. ಪೊಟ್ಟಣದ ಮೇಲಿನ ಕೈ ಯಾರವೆಂದು ಗೊತ್ತಾದರೆ ಕುಬೇರಪ್ಪನವರು ಏನು ಮಾಡುತ್ತಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಅವರು ಒಂದು ಕೆಟ್ಟ ಮಾತೂ ಆಡಿದವರಲ್ಲ. ಏನೂ ಮಾಡದೆಯೂ ಇರಬಹುದಿತ್ತು. ಕೇಳಿ ನೋಡುವ ಧೈರ್ಯ ಮಾತ್ರ ಗೌತಮ ಮಾಡಲಿಲ್ಲ. ಹೀಗಾಗಿ ಅವರು ಮಾಡದ ತಪ್ಪನ್ನು ಆತನೇ ಏಳು ವರ್ಷ ಅವರ ಪರವಾಗಿ ಮಾಡುತ್ತ ಬಂದಿದ್ದ.

ಹೊಸೂರಿನಲ್ಲಿ ಇಳಿದಾಗ ರಾಜಶೇಖರ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಗದಗ ರಸ್ತೆಯುದ್ದಕ್ಕೂ ಆತನದೇ ಮಾತು. ಲಾಕ್‌ಡೌನಿನಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದ್ದು, ಉಳಿದವರ ಅಳಿಯಂದಿರು ಮೊಬೈಲಿನಲ್ಲೇ ಜಾಹೀರಾತು ಮಾಡಿಕೊಳ್ಳತೊಡಗಿದ್ದು, ಕೊಪ್ಪೀಕರ ರಸ್ತೆಯ ಕೋಣೆ ಬಿಟ್ಟು ವಿದ್ಯಾನಗರದ ಗ್ಯಾರೇಜಿಗೆ ಬಂದದ್ದು, ಈಗ ಕಂಪ್ಯೂಟರಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಎಂಥ ಬೇಕಾದ ಚಿತ್ರವನ್ನೂ ಬಿಡಿಸಿಕೊಡುವುದು, ಎಲ್ಲವನ್ನೂ ಮತ್ತೆ ಹೇಳಿದ. ಹೆಸರು ಬದಲಿಸೋಣ ಎಂದು ಹೊಳೆದದ್ದು ಆತನಿಗೇ. ಚಿತ್ರ ಯಾರಾದರೂ ಮಾಡಿಯಾರು, ಖರೇ ಮನುಷ್ಯರ ಖರೇ ಕಥೆಯನ್ನು ಯಂತ್ರ ಮಾಡಲಾರದು. ಆದ್ದರಿಂದ ‘ಒಂದು ಸಾಲು’ ಹೋಗಿ ‘ಖರೇ’ ಬಂದಿತ್ತು. ಕಾರಿನ ಹಿಂದಿನ ಗಾಜಿಗೂ ಅದನ್ನೇ ಬರೆಸಿದ್ದ. ಮೊದಲ ಗಿರಾಕಿಯಾಗಿ ಬಂದವಳು ಕುಬೇರಪ್ಪನವರ ಮಗಳು ಸೌಮ್ಯಾ. ಪುಣೆಯಲ್ಲಿ ಓದಿ ಬಂದು ತಂದೆಯ ವ್ಯಾಪಾರ ಕೈಗೆ ತೆಗೆದುಕೊಂಡವಳು, ಚುರುಕು, ವಿನಯ, ಯಾರ ಜಾತಿಯನ್ನೂ ಕೇಳದವಳು. ನಮ್ಮ ಪೊಟ್ಟಣದ ಮೇಲಿನ ಕೈಗಳ ಹೆಣ್ಣುಮಗಳು ಎಲ್ಲಿದ್ದಾರೆ ಎಂದು ಕೇಳಿದಳು. ಅವರನ್ನು ಹುಡುಕಿ, ಅವರ ಬಾಯಿಂದಲೇ ಅವರ ಬದುಕು ಹೇಳಿಸಬೇಕು, ಅವರೇ ಇನ್ನು ನಮ್ಮ ಮುಖ ಅಂದಳು. ಗೌತಮನ ನಾಲಿಗೆಯ ತುದಿಗೆ ಎರಡು ಪದ ಬಂದಿದ್ದವು: ನಮ್ಮವ್ವ ರಿ. ಸೌಮ್ಯಾ ಬಹುಶಃ ಎದ್ದು ನಿಂತು ಕೈ ಮುಗಿಯುತ್ತಿದ್ದಳು. ಆದರೆ ಅದರ ಹಿಂದೆಯೇ ಏಳು ವರ್ಷದ ಮೌನಕ್ಕೆ ಕಾರಣ ಹೇಳಬೇಕಾಗುತ್ತಿತ್ತು; ನಮ್ಮವನು ಅಂದಾಗ ಸುಮ್ಮನೆ ಕುಳಿತದ್ದಕ್ಕೆ, ಅವ್ವನಿಗೆ ಬಾರದ ರೋಗ ತಂದದ್ದಕ್ಕೆ. ಆತ ಚಹಾ ಕುಡಿದ. ಆ ಒಂದು ಗುಟುಕಿನ ಹೊತ್ತಿನಲ್ಲಿ ರಾಜಶೇಖರ, “ಸಿಕ್ಕಾರ್ರಿ ಮೇಡಂ. ನಮ್ಮವ್ವನ ಕೈ ಅವು” ಅಂದಿದ್ದ. ಹೊರಗೆ ಬಂದ ಮೇಲೆ, ನೀ ಬ್ಯಾಡ ಅಂದ್ರ ಈಗ ಹೋಗಿ ಹೇಳಿ ಬರ್ತೇನಿ ಎಂದು ಗೌತಮನ ಮೋರೆ ನೋಡಿದ್ದ. ಗೌತಮ ಬೇಡ ಅನ್ನಲಿಲ್ಲ.

ಶಿರಗುಪ್ಪಿಯ ಮನೆಯಲ್ಲಿ ರಾಜಶೇಖರನ ಅಣ್ಣನ ಸಂಸಾರ, ತಾಯಿ ಸಂಗವ್ವ. ಸೌಮ್ಯಾ ಹನ್ನೊಂದಕ್ಕೆ ಬರುವವಳಿದ್ದಳು. ಅಷ್ಟರಲ್ಲಿ ಸಂಗವ್ವನ ಮುಂಗೈಗೆ ಹಚ್ಚೆ ಬರಬೇಕು. ಹುಬ್ಬಳ್ಳಿಯಿಂದ ಕರೆಸಿದ್ದ ಮೇಕಪ್ಪಿನ ಮೌಲಾಬಿ ಫೋಟೋ ನೋಡಿ ನೋಡಿ ಎರಡು ಸಲ ಬರೆದು ಒರೆಸಿದಳು. ಆಕೆಯ ಕೈ ಮೆಹಂದಿಗೆ ಪಳಗಿದ್ದು, ಏನು ಬರೆದರೂ ಬಳ್ಳಿಯಾಗುತ್ತಿತ್ತು. “ಗೌತಮ, ನೀನ ಮಾಡಪಾ,” ಅಂದ ರಾಜಶೇಖರ, ಬೇರೆ ಕಡೆ ನೋಡುತ್ತ. ಗೌತಮ ಕಪ್ಪು ಹಸಿರು ಶಾಯಿ ಕಲೆಸಿಕೊಂಡು ಮಣೆಯ ಮೇಲೆ ಕುಳಿತ. ಫೋಟೋ ನೋಡುವ ಅಗತ್ಯ ಬೀಳಲಿಲ್ಲ. ಗೆರೆ ಎಲ್ಲಿ ತೆಳುವಾಗುತ್ತದೆ, ಎಲ್ಲಿ ಚರ್ಮದ ಸುಕ್ಕಿಗೆ ಸಿಕ್ಕಿ ಒಡೆಯುತ್ತದೆ ಎಂಬುದು ಬೆರಳಿಗೆ ತಾನಾಗಿ ಬಂತು. ಅವ್ವನ ಕೈಯಲ್ಲಿ ಐದನೆಯ ಚುಕ್ಕೆ ಸಾಲು ಬಿಟ್ಟು ತುಸು ಕೆಳಗೆ ಸರಿದಿತ್ತು. ಪೊಟ್ಟಣಕ್ಕೆ ಚಿಹ್ನೆ ಬರೆಯುವಾಗ ಆತ ಅದನ್ನು ಮೇಲೆ ಎತ್ತಿ ಸಾಲಿಗೆ ಕೂಡಿಸಿದ್ದ, ಅಚ್ಚಿನ ತಪ್ಪಿನಂತೆ ಕಾಣುತ್ತದೆ ಎಂದು. ಈಗ ಅದನ್ನು ಇದ್ದ ಜಾಗದಲ್ಲೇ ಇಟ್ಟ. ಸಂಗವ್ವನ ಕೈ ಆತನ ಕೈಯಲ್ಲಿ ಬೆಚ್ಚಗಿತ್ತು. ಒರಟು ಅಂಗೈ, ಹೆಂಚಿನ ಕಾವಿಗೆ ಕಪ್ಪಾದ ಬೆರಳ ತುದಿ. “ನಾನೂ ಐವತ್ತ ವರ್ಷ ರೊಟ್ಟಿ ಬಡದೇನಿ ತಮ್ಮಾ,” ಅಂದಳು ಆಕೆ, ನೋವಾದಂತೆ. “ನನ್ನ ಕೈ ನನ್ನ ಕೈಯಂತ ಆಗೂದಿಲ್ಲೇನು?” ಗೌತಮ ಶಾಯಿ ಆರಲೆಂದು ಮುಂಗೈಗೆ ಊದಿದ. ತನ್ನ ಅವ್ವನ ಕೈಯನ್ನು ಹೀಗೆ ಹಿಡಿದು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಲು ನೋಡಿದ, ಸಿಗಲಿಲ್ಲ.

ಸೌಮ್ಯಾ ಬಂದವಳೇ ಸಂಗವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಬಾಗಿದ ಬೆನ್ನಿನಿಂದ ಕಣ್ಣು ಕಿತ್ತು ಗೌತಮ ಕ್ಯಾಮರಾದ ಹಿಂದೆ ಹೋಗಿ ನಿಂತ. ರೊಟ್ಟಿ ಬಡಿಯುವುದು ಸಲೀಸಾಗಿ ಮುಗಿಯಿತು. ಶಾಯಿ ನೀರಿಗೆ ಕರಗಲಿಲ್ಲ. ಕ್ಯಾಮರಾದ ಪಕ್ಕದಲ್ಲಿ ಕುಳಿತ ಸೌಮ್ಯಾ ಪ್ರಶ್ನೆ ಕೇಳತೊಡಗಿದಳು. ಎಷ್ಟು ಗಂಟೆಗೆ ಏಳುತ್ತೀರಿ, ಯಾರಿಂದ ಕಲಿತಿರಿ. ಸಂಗವ್ವ ಹೇಳಿದಳು. ಆಮೇಲೆ ಸೌಮ್ಯಾ ಮುಂದಕ್ಕೆ ಬಾಗಿ, “ಅವ್ವಾರ, ಈ ಹಚ್ಚಿ ಯಾವಾಗ ಹಾಕ್ಸಿದ್ದು? ಅದರ ಸುದ್ದಿ ಹೇಳ್ರಿ,” ಅಂದಳು.  ಸಂಗವ್ವ ತನ್ನ ಮುಂಗೈಯನ್ನು ಬೇರೆಯವರ ಮನೆಯ ವಸ್ತುವನ್ನು ನೋಡುವಂತೆ ನೋಡಿದಳು, ಮಗನನ್ನು ನೋಡಿದಳು. ರಾಜಶೇಖರನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಕ್ಯಾಮರಾ ಓಡುತ್ತಲೇ ಇತ್ತು. ಗೌತಮ ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತು ಎಂದು ಆಮೇಲೆ ಬಹಳ ಸಲ ಆತನಿಗೆ ಅನಿಸಿತು. ಆದರೆ ಅಷ್ಟರಲ್ಲಿ ತನ್ನ ದನಿಯೇ ತನಗೆ ಕೇಳಿಸಿತ್ತು. ಅವ್ವಾರು ನಾಚುತ್ತಿದ್ದಾರೆ, ನನಗೆ ನಿನ್ನೆ ಎಲ್ಲ ಹೇಳಿದ್ದಾರೆ, ನಾನು ಒಂದೊಂದೇ ನೆನಪು ಮಾಡಿಕೊಡುತ್ತೇನೆ, ಅವರು ತಮ್ಮ ಮಾತಿನಲ್ಲಿ ಹೇಳಲಿ ಎಂದು.

ದುರಗವ್ವ ಅದನ್ನು ಆತನಿಗೆ ಹೇಳಿದ್ದು ಒಂದೇ ಸಲ, ಅಪ್ಪ ತೀರಿಕೊಂಡ ವಾರದಲ್ಲಿ, ನಿದ್ದೆ ಬಾರದೆ ಇಬ್ಬರೂ ಕಟ್ಟೆಯ ಮೇಲೆ ಕುಳಿತಾಗ. ಹಚ್ಚೆ ಹಾಕುವ ಮುದುಕಿ ಕೇರಿಗೆ ಬಂದಿದ್ದಳಂತೆ. ದುರಗವ್ವನಿಗೆ ಆಗ ಎಂಟು ವರ್ಷ. ಅಂಜಿ ದನಗಳ ಮೇವಿನ ಗ್ವಾದಲಿಯಲ್ಲಿ ಅಡಗಿದವಳನ್ನು ಅಕ್ಕ ಎಳೆದು ತಂದು, ಬಾಯಿಗೆ ಒಂದು ಚೂರು ಬೆಲ್ಲ ಇಟ್ಟು, ಮೊಣಕೈ ಗಟ್ಟಿಯಾಗಿ ಹಿಡಿದಳು. ಬೆಲ್ಲ ಕರಗುವ ತನಕ ಅಳಬಾರದು ಎಂದು ಕರಾರು. ನಾಲ್ಕು ಚುಕ್ಕೆ ನೆಟ್ಟಗೆ ಬಂದವು. ಐದನೆಯದಕ್ಕೆ ಅಕ್ಕನಿಗೆ ನಗು ಬಂದು ಕೈ ಅಲುಗಿತು, ಚುಕ್ಕೆ ಜಾರಿತು. ಮುದುಕಿ ಅದರ ಮೇಲೆ ಇನ್ನೊಂದು ಚುಚ್ಚಲು ಹೋದಾಗ ಅಕ್ಕ ತಡೆದು, ಇರಲಿ ಬಿಡು, ಆ ಚುಕ್ಕಿ ನಂದು ಅಂದಳು. ಮುಂದಿನ ಸುಗ್ಗಿಗೆ ಅಕ್ಕ ಇರಲಿಲ್ಲ. ಮೂರು ದಿನದ ಜ್ವರ. ಇದನ್ನು ಗೌತಮ ಕ್ಯಾಮರಾದ ಹಿಂದಿನಿಂದ ತುಂಡು ತುಂಡಾಗಿ ಕೊಟ್ಟ, ಸಂಗವ್ವ ತುಂಡು ತುಂಡಾಗಿ ಹೇಳಿದಳು. ಕೇರಿ ಎಂಬಲ್ಲಿ ಆತ ಓಣಿ ಅಂದ. ಮುದುಕಿಯ ಬಯ್ಗುಳವನ್ನು ಬಿಟ್ಟ. ಜ್ವರವನ್ನು ಮುಂಚೆಯೇ ಹೇಳಿಸಿ, ನಗುವನ್ನೂ ಜಾರಿದ ಚುಕ್ಕೆಯನ್ನೂ ಕೊನೆಗೆ ತಂದ. ಹಾಗೆ ಮಾಡಿದರೆ ಎಲ್ಲಿ ಎದೆ ಹಿಡಿಯುತ್ತದೆ ಎಂಬುದು ಆತನಿಗೆ ಗೊತ್ತಿತ್ತು. “ಆ ಚುಕ್ಕಿ ನಂದು ಅಂದಳ್ರಿ ಅಕ್ಕ,” ಅಂದಳು ಸಂಗವ್ವ, ಕಣ್ಣು ತುಂಬಿ ದನಿ ಒಡೆದು. ಸೌಮ್ಯಾ ಅಳುತ್ತಿದ್ದಳು. ಮೌಲಾಬಿ ಗೋಡೆಗೆ ಮುಖ ಮಾಡಿದ್ದಳು. ಗೌತಮನ ಮೈಯಲ್ಲಿ ಬಹಳ ವರ್ಷದಿಂದ ಸತ್ತಿದ್ದ ಒಂದು ಸುಖ ಜುಮ್ಮೆಂದು ಎದ್ದಿತು. ಸಾಲು ಕೂತಿತು, ಸಾಲು ಕೂತಿತು ಎಂದು ಒಳಗೆ ಯಾರೋ ಕುಣಿದರು. ಅದು ಒಂದೆರಡು ಗಳಿಗೆ. ಆಮೇಲೆ ಆತ ಎದ್ದು ಹಿತ್ತಲಿಗೆ ಹೋದ.

ಒಳಗೆ ಸೌಮ್ಯಾ ಒಪ್ಪಿಕೊಂಡ ಸದ್ದು ಕೇಳಿಸುತ್ತಿತ್ತು. ಇಡೀ ವರ್ಷದ ಕೆಲಸ ‘ಖರೇ’ಗೇ, ಒಂದು ನಿಮಿಷದ ತುಣುಕನ್ನು ಈಗಿಂದೀಗಲೇ ಕತ್ತರಿಸಿ ಮೊಬೈಲಿನಲ್ಲಿ ಹೊರಗೆ ಬಿಡಿ ಅನ್ನುತ್ತಿದ್ದಳು. ರಾಜಶೇಖರ ಓಡಿ ಬಂದು ತಬ್ಬಿಕೊಂಡು, “ಬದುಕಿದ್ವಿ ನೋಡಲೇ” ಅಂದು ಮತ್ತೆ ಓಡಿದ. ಸಂಗವ್ವ ಕೈ ತೊಳೆಯಲು ತೊಟ್ಟಿಯ ಹತ್ತಿರ ಬಂದಳು. ಕಲ್ಲಿಗೆ ಮುಂಗೈ ತಿಕ್ಕುತ್ತ, ತಲೆ ಎತ್ತದೆ ಕೇಳಿದಳು:

“ಯಾರ ಕಥಿ ಅದು ತಮ್ಮಾ?”

“ಬರದದ್ದು ರಿ ಅವ್ವಾರ. ನಾನ ಬರದೇನಿ.”

“ಬರದದ್ದಾದ್ರ ನಿನ್ನ ದನಿ ಯಾಕ ನಡಗತು?” ಆಕೆ ಇನ್ನೊಂದು ಚೆಂಬು ನೀರು ಹಾಕಿಕೊಂಡಳು. “ನಾ ಅತ್ತದ್ದು ಖರೇ ಐತಿ. ಯಾರಿಗೆ ಅತ್ತೆ ಅನ್ನೂದರೆ ಗೊತ್ತಾಗಬೇಕಲ್ಲಪಾ.”

ಗೌತಮ ನಿಲ್ಲಲಿಲ್ಲ. ಕಾರಿನಲ್ಲಿ ಬಿಡುತ್ತೇನೆ ಅಂದ ರಾಜಶೇಖರನಿಗೆ ಏನೋ ನೆಪ ಹೇಳಿ ಬಸ್ಸು ಹಿಡಿದ. ದಾರಿಯುದ್ದಕ್ಕೂ ಮನಸ್ಸು ತನ್ನ ಪರವಾಗಿ ವಾದಗಳನ್ನು ಕಟ್ಟುತ್ತಿತ್ತು, ಒಂದಕ್ಕಿಂತ ಒಂದು ಚೆಂದ. ಅವ್ವ ಕ್ಯಾಮರಾದ ಮುಂದೆ ಕೂಡುವವಳಲ್ಲ. ಗ್ಯಾರೇಜಿನಲ್ಲಿ ಉಳಿದಿರುವ ಮೂವರ ಮನೆ ನಡೆಯಬೇಕು. ಸಂಗವ್ವನದೂ ದುಡಿದ ಕೈಯೇ. ಎಲ್ಲವೂ ಖರೇ ಇದ್ದವು. ಸಪ್ತಾಪುರದಲ್ಲಿ ಇಳಿದಾಗ ಬಿಸಿಲು ಇನ್ನೂ ಮಹಡಿಗಳ ಮೇಲಿತ್ತು, ಹಾಸ್ಟೆಲಿನ ಹುಡುಗಿಯರು ಚಹಾದಂಗಡಿಯ ಮುಂದೆ ನಿಂತು ಒಂದೇ ಮೊಬೈಲಿನೊಳಗೆ ಬಗ್ಗಿದ್ದರು; ಅವರು ನೋಡುತ್ತಿದ್ದುದು ಆ ತುಣುಕನ್ನೇ ಇರಬಹುದೆಂದು ಆತ ಆ ಬದಿ ಬಿಟ್ಟು ಈ ಬದಿಗೆ ದಾಟಿದ.

ಭಾಗ್ಯಾ ಬಾಗಿಲು ತೆರೆದು ಒಳಗೆ ಹೋದಳು. ಪಡಸಾಲೆಯಲ್ಲಿ ದುರಗವ್ವ ಸೊಸೆಯ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ತುಣುಕು ಮುಗಿದು ತೆರೆ ಆರಿತ್ತು. ಗೌತಮ ಚಪ್ಪಲಿ ಬಿಟ್ಟು, ಎಲ್ಲಿ ಕೂಡಬೇಕೆಂದು ತಿಳಿಯದೆ ಕಿಟಕಿಗೆ ಆತು ನಿಂತ. ಅಳುತ್ತಾಳೆ ಅಥವಾ ಬಯ್ಯುತ್ತಾಳೆ ಎಂದು ಕಾದ. ಎರಡಕ್ಕೂ ಆತ ಬಸ್ಸಿನಲ್ಲಿ ತಯಾರಾಗಿ ಬಂದಿದ್ದ.

“ಆ ಯವ್ವ ಯಾರು?” ಎಂದು ಕೇಳಿದಳು ದುರಗವ್ವ.

“ರಾಜಶೇಖರನ ಅವ್ವ.”

“ಛಲೋ ಹೇಳ್ಯಾಳ. ನನಗ ಹಂಗ ಹೇಳಾಕ ಬರತಿರಲಿಲ್ಲ.” ಆರಿದ ತೆರೆಯನ್ನು ಸೆರಗಿನಿಂದ ಒರೆಸಿ, “ಅಕ್ಕನ ಹೆಸರ ಯಾಕ ಹೇಳಲಿಲ್ಲ ಆಕಿ?” ಅಂದಳು.

ಸಮಯ ಸಾಲಲಿಲ್ಲ, ಆ ಭಾಗ ಕತ್ತರಿಸಿ ಹೋಯಿತು ಎಂದು ಹೇಳಲು ಹೊರಟ ಗೌತಮನಿಗೆ ನಡುವೆಯೇ ಮಾತು ನಿಂತಿತು. ಆ ಹೆಸರು ತನಗೆ ಗೊತ್ತಿಲ್ಲ ಎಂಬುದು ಆಗ ತಿಳಿಯಿತು. ಆ ರಾತ್ರಿ ಕಟ್ಟೆಯ ಮೇಲೆ ಅವ್ವ ಅಕ್ಕ ಅಕ್ಕ ಎಂದಿದ್ದಳು, ಆತ ಚುಕ್ಕೆಯ ಕಡೆಗೇ ಕಿವಿ ಕೊಟ್ಟಿದ್ದ. ಬೆಲ್ಲ ನೆನಪಿತ್ತು, ನಗು ನೆನಪಿತ್ತು. ಹೆಸರನ್ನು ಆತ ಕೇಳಿಯೇ ಇರಲಿಲ್ಲ.

“ಏನಿತ್ತವ್ವಾ ಹೆಸರು?”

ದುರಗವ್ವ ಮೊಬೈಲನ್ನು ಹಾಸಿಗೆಯ ಮೇಲೆ ಇಟ್ಟಳು. “ನಾ ನಾಳಿ ಶಿರಗುಪ್ಪಿಗೆ ಹೋಗ್ತೇನಿ. ಆ ಯವ್ವಗ ಹೇಳಿ ಬರ್ತೇನಿ. ನಮ್ಮಕ್ಕ ಇವತ್ತಿಂದ ಆಕೀ ಬಾಯಾಗೂ ಅದಾಳ. ಹೆಸರಿಲ್ಲದ ಇರಬಾರದು.”

ಶಿರಗುಪ್ಪಿಯ ಬಾಗಿಲು ಗೌತಮನ ಕಣ್ಣೆದುರು ಬಂತು. ಎದುರುಬದುರು ನಿಲ್ಲುವ ಇಬ್ಬರು ಮುದುಕಿಯರು, ಒಬ್ಬಳ ತೊಳೆದ ಮುಂಗೈ, ಇನ್ನೊಬ್ಬಳದು. ರಾಜಶೇಖರನ ಅಣ್ಣ, ಓಣಿಯ ಮಂದಿ, ಸಂಜೆಯೊಳಗೆ ಸೌಮ್ಯಾಳ ಫೋನು. ಅಲ್ಲಿ ಮಂದಿ ಇರುತ್ತಾರೆ ಎಂದ. ಇರಲಿ ಅಂದಳು. ಈ ವಾರ ಬೇಡ, ಮುಂದೆ ತಾನೇ ಕರೆದೊಯ್ಯುತ್ತೇನೆ ಎಂದ. ನಾಳೆಯೇ ಅಂದಳು. ಕೊನೆಗೆ ಆತ ಆಕೆಯ ಮುಂದೆ ನೆಲದ ಮೇಲೆ ಕುಳಿತು, ದನಿ ತಗ್ಗಿಸಿ, “ನನಗ ಹೇಳವ್ವಾ. ನಾನ ಹೋಗಿ ಅವರಿಗೆ ತಿಳಿಸ್ತೇನಿ,” ಅಂದ.

ದುರಗವ್ವ ಮಗನನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅದೇ ತಪ್ಪು ಮಾಡುವ ಹುಡುಗನನ್ನು ಅಪ್ಪ ಹೀಗೆ ನೋಡುತ್ತಿದ್ದರು.

“ನಿನಗ ಹೇಳೂದಿಲ್ಲ,” ಅಂದಳು. “ನೀ ಅದನ್ನೂ ಚಂದ ಮಾಡ್ತಿ.”

ಆಮೇಲೆ ಆಕೆ ಒಳಗಿನ ಕಡೆ ತಿರುಗಿ, ಗದಗ ದಾರಿಯ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಸೊಸೆಯನ್ನು ಕೇಳಿದಳು. ಆರೂವರಿಗೆ ಐತ್ರಿ ಅತ್ತೀ, ನಾನೂ ರಜಾ ಹಾಕಿ ಬರ್ತೇನಿ ಎಂದು ಭಾಗ್ಯಾ ಅಡಿಗೆಮನೆಯಿಂದಲೇ ಹೇಳಿದಳು. ದುರಗವ್ವ ಎದ್ದು ಒಳಗೆ ಹೋದಳು. ಗೌತಮನ ಕಿಸೆಯಲ್ಲಿ ಫೋನು ನಡುಗುತ್ತಿತ್ತು, ರಾಜಶೇಖರನದು. ಆತ ಅದನ್ನು ತೆಗೆಯಲಿಲ್ಲ. ನೆಲದ ಮೇಲಿಂದ ಏಳದೆ, ನಾನೂ ಬರುತ್ತೇನೆ ಅಂದ. ಸ್ವಲ್ಪ ತಡೆದು, ಕೇಳಿಸಿರಲಿಕ್ಕಿಲ್ಲ ಎಂದು ಮತ್ತೊಮ್ಮೆ ಹೇಳಿದ. ಒಳಗೆ ಇಬ್ಬರೂ ನಾಳೆಗೆ ಯಾವ ಸೀರೆ ಉಡುವುದೆಂದು ಮಾತಾಡಿಕೊಳ್ಳುತ್ತಿದ್ದರು.